ಸೆಲ್ಲಾರಿನಲ್ಲೊಂದು ಗುದ್ದು: ತಪ್ಪು ಯಾರದು, ದುಡ್ಡು ಯಾರದು?



ಮೊನ್ನೆ ಒಂದು ಭಾನುವಾರದ ಕಾರ್ಯಕ್ರಮದಲ್ಲಿ ಎರಡು ಹಾಡುಗಳ ನಡುವೆ ಮಾತಿಗೆ ಮಾತು ಬಂದು, ನನ್ನ ಕಾರಿಗೆ ಪಾರ್ಕಿಂಗಿನಲ್ಲಿ ಗುದ್ದು ಬಿದ್ದ ಕಥೆಯನ್ನು ಅರ್ಧ ಹೇಳಿ ಬಿಟ್ಟಿದ್ದೆ. ಹಾಡಿನ ಸಮಯವಾಯಿತು, ಕಥೆ ಅಲ್ಲಿಗೇ ನಿಂತಿತು. ಆಮೇಲೆ ಬಂದ ಫೋನುಗಳಲ್ಲಿ ಹಾಡಿನ ಕೋರಿಕೆಗಿಂತ ಈ ಕಥೆಯ ವಿಚಾರಣೆಯೇ ಜಾಸ್ತಿ. "ಆಮೇಲೆ ಏನಾಯ್ತ್ರೀ?", "ಇನ್ಶೂರೆನ್ಸ್ ಬಂತಾ?", "ನಮಗೂ ಮಿಯಾಪುರದ ಅಪಾರ್ಟ್‌ಮೆಂಟಿನಲ್ಲಿ ಹೀಗೇ ಆಗಿದೆ, ಏನು ಮಾಡೋದು?" ಹೀಗೆ. ಕಾಚಿಗುಡದ ಹಿರಿಯರೊಬ್ಬರು ಮಾತ್ರ, "ಕಾರು ಬಿಡೋದು ಕಲಿತು ಆಮೇಲೆ ಮಾತಾಡಪ್ಪಾ" ಎಂದರು. ಅವರ ಮಾತಿನಲ್ಲೂ ಹುರುಳಿದೆ. ಆದರೂ ಮಿಕ್ಕವರಿಗಾಗಿ ಇಡೀ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಡುನಡುವೆ ಕಾನೂನು ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಡೆದದ್ದು ಇಷ್ಟು. ಶನಿವಾರ ಸಂಜೆ, ಊರಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ಒಂದು ಮಾಲಿಗೆ ಹೋಗಿದ್ದೆವು. ಹೈದರಾಬಾದಿನಲ್ಲಿ ನೆಲಮಾಳಿಗೆಯ ಪಾರ್ಕಿಂಗಿಗೆ ಸೆಲ್ಲಾರ್ ಎನ್ನುತ್ತಾರೆ, ನಿಮಗೆ ಗೊತ್ತೇ ಇದೆ. ಕಂಬಗಳು, ಮಂದ ಬೆಳಕು, ಬಾಣದ ಗುರುತು ಅಳಿಸಿಹೋದ ನೆಲ, ಸೀಟಿ ಊದುವ ಹುಡುಗ. ಹೊರಡುವಾಗ ನಾನು ನಿಧಾನವಾಗಿ ರಿವರ್ಸ್ ತೆಗೆಯುತ್ತಿದ್ದೆ. ನನ್ನ ಬೆನ್ನ ಹಿಂದಿನ ಸಾಲಿನಲ್ಲಿದ್ದ ದೊಡ್ಡ ಕಾರೊಂದು ಅದೇ ಹೊತ್ತಿಗೆ ಹಿಂದಕ್ಕೆ ಬಂತು. ಧಡ್ ಎಂದಿತು. ಇಬ್ಬರ ಬೆನ್ನೂ ಒಂದಕ್ಕೊಂದು ತಾಗಿತ್ತು. ನನ್ನ ಹಿಂದಿನ ಬಂಪರು ಸೀಳಿ, ಡಿಕ್ಕಿಯ ಬಾಗಿಲಿನ ಕೆಳತುದಿ ಒಳಗೆ ತಗ್ಗಿತು. ಅವರ ಕಾರಿನ ಬಂಪರಿನ ಒಂದು ಮೂಲೆ ಕಿತ್ತು, ಹಿಂದಿನ ದೀಪ ಒಡೆಯಿತು.

ಇಳಿದು ನೋಡುವಷ್ಟರಲ್ಲಿ ಆ ಕಾರಿನವರು ಇಳಿದಾಗಿತ್ತು. "ನಾನು ನಿಂತಿದ್ದೆ, ನೀವೇ ಬಂದು ಗುದ್ದಿದ್ದು" ಎಂದು ಹೈದರಾಬಾದಿ ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿದರು. ಮೈಕಿನ ಮುಂದೆ ಗಂಟೆಗಟ್ಟಲೆ ಮಾತಾಡುವ ನನಗೆ ಅಲ್ಲಿ ಬಾಯಿಯೇ ಹೊರಡಲಿಲ್ಲ. ಹೊರಟದ್ದು ಒಂದೇ ಶಬ್ದ: "ಸಾರಿ". ಒಂದಲ್ಲ, ಮೂರು ಸಲ ಅಂದೆ. ಅವರ ಜೊತೆಗಿದ್ದ ಹುಡುಗ ಅದನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳುತ್ತಿದ್ದುದು ನನಗೆ ಆಮೇಲೆ ಕಂಡಿತು. ಕಾರಿನೊಳಗಿಂದ ಅಮ್ಮ, "ಯಾಕ್ ಸುಮ್ಮ ನಿಂತೀಯೋ, ಆ ಮನಷಾನೂ ಹಿಂದಕ್ಕ ಬಂದಾನ, ನಾ ನೋಡೀನಿ" ಎಂದು ಕೂಗುತ್ತಿದ್ದಳು. ಕಲಬುರಗಿಯ ಕನ್ನಡ ಅಲ್ಲಿ ಯಾರಿಗೆ ಅರ್ಥವಾಗಬೇಕು? ಅವರು ಇಪ್ಪತ್ತು ಸಾವಿರ ರೂಪಾಯಿ ಈಗಲೇ ಕೊಟ್ಟು ಹೋಗಿ ಎಂದರು. ನಾನು ಕೊಡಲಿಲ್ಲ. ಅದು ಜಾಣತನವಲ್ಲ, ಜೇಬಿನಲ್ಲಿ ಇರಲಿಲ್ಲ ಅಷ್ಟೆ.

ಈ "ಸಾರಿ" ಎಂಬ ಶಬ್ದದ ಬಗ್ಗೆ ಎರಡು ಮಾತು. ನಮ್ಮವರ ಬಾಯಲ್ಲಿ ಅದು ತಪ್ಪೊಪ್ಪಿಗೆಯೇ ಅಲ್ಲ. ಬಸ್ಸಿನಲ್ಲಿ ಕಾಲು ತುಳಿಸಿಕೊಂಡವನೂ ಸಾರಿ ಅನ್ನುತ್ತಾನೆ. ಆದರೆ ನಿಮ್ಮ ಕಾರಿನ ಪಾಲಿಸಿಯ ಹಿಂಬದಿಯಲ್ಲಿ, ಯಾರೂ ಓದದ ಸಣ್ಣ ಅಕ್ಷರದಲ್ಲಿ, ಒಂದು ಷರತ್ತಿದೆ. ವಿಮಾ ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ನೀವು ತಪ್ಪು ಒಪ್ಪಿಕೊಳ್ಳುವಂತಿಲ್ಲ, ಹಣ ಕೊಡುತ್ತೇನೆಂದು ಮಾತು ಕೊಡುವಂತಿಲ್ಲ, ಕೊಡುವಂತೆಯೂ ಇಲ್ಲ. ಎದುರಿನವರ ನಷ್ಟವನ್ನು ನಾಳೆ ತುಂಬಬೇಕಾದವರು ಕಂಪನಿಯವರು, ಆದ್ದರಿಂದ ವಾದ ಮಾಡುವ ಹಕ್ಕೂ ತಮ್ಮದೇ ಎಂಬುದು ಅವರ ತರ್ಕ. "ಯಾರಿಗೂ ಪೆಟ್ಟಾಗಿಲ್ಲ ತಾನೆ?" ಎಂದು ಕೇಳಿ, ಅದು ಮನುಷ್ಯತ್ವ. "ತಪ್ಪು ನನ್ನದು" ಎಂದು ಚೀಟಿ ಬರೆದು ಸಹಿ ಹಾಕಬೇಡಿ. ಮಾಲಿನ ಸೆಕ್ಯುರಿಟಿಯವರು ಗದ್ದಲ ಮುಗಿದರೆ ಸಾಕೆಂದು ಇಂಥ ಚೀಟಿ ಬರೆಸುವುದುಂಟು.

ಆ ಹೊತ್ತಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಒಂದೇ. ಕಾರುಗಳನ್ನು ಸರಿಸುವ ಮೊದಲು ಫೋಟೊ ತೆಗೆದೆ. ಗಾಯದ ಹತ್ತಿರದ ಫೋಟೊ ಎಲ್ಲರೂ ತೆಗೆಯುತ್ತಾರೆ. ಉಪಯೋಗಕ್ಕೆ ಬರುವುದು ದೂರದ ಫೋಟೊ. ಎರಡೂ ಕಾರುಗಳು, ಪಾರ್ಕಿಂಗಿನ ಹಳದಿ ಗೆರೆ, ಕಂಬದ ಮೇಲಿನ ಸಂಖ್ಯೆ, ಚಕ್ರಗಳು ತಿರುಗಿರುವ ದಿಕ್ಕು, ಇವೆಲ್ಲ ಒಂದೇ ಚೌಕಟ್ಟಿನಲ್ಲಿ ಬರಬೇಕು. "ನಾನು ನಿಂತಿದ್ದೆ" ಎನ್ನುವವರ ಕಾರು ತನ್ನ ಗೆರೆಯಿಂದ ಅರ್ಧ ಹೊರಗೆ ಬಂದು, ಮುಂದಿನ ಚಕ್ರ ಪೂರ್ತಿ ತಿರುಗಿಕೊಂಡಿದ್ದರೆ, ಆ ಫೋಟೊ ನಿಮ್ಮ ಪರವಾಗಿ ತಾನೇ ಮಾತಾಡುತ್ತದೆ. ನನ್ನ ಫೋಟೊಗಳಲ್ಲಿ ಅದಿತ್ತು. ಜೊತೆಗೆ ನಂಬರ್ ಪ್ಲೇಟು, ಹೊತ್ತು, ಎದುರಿನವರ ಹೆಸರು, ಫೋನು, ಲೈಸೆನ್ಸು, ಅವರ ವಿಮಾ ಕಂಪನಿಯ ಹೆಸರು. ಅವರು ಕೊಡದಿದ್ದರೆ ಹೊಡೆದಾಡಬೇಡಿ. ವಾಹನದ ನಂಬರು ಇದ್ದರೆ ಎಂ-ಪರಿವಾಹನ್ ಆ್ಯಪಿನಲ್ಲಿ ವಿಮೆ ಇದೆಯೇ ಇಲ್ಲವೇ ನೋಡಬಹುದು. ಮೋಟಾರು ವಾಹನ ಕಾಯ್ದೆಯ 160ನೇ ಕಲಮಿನ ಪ್ರಕಾರ, ಪರಿಹಾರ ಕೇಳುವವರಿಗೆ ಆ ವಾಹನದ ವಿವರ ಕೊಡುವುದು ಆರ್‌ಟಿಓ ಮತ್ತು ಪೊಲೀಸರ ಕರ್ತವ್ಯ.

ಮರುದಿನ ಬೆಳಿಗ್ಗೆ ನಮ್ಮ ಭಾವ ಫೋನ್ ಮಾಡಿದರು. ಅವರು ವಕೀಲರಲ್ಲ, ಆದರೆ ಎಲ್ಲ ಕುಟುಂಬದಲ್ಲೂ ಇಂಥ ಒಬ್ಬ ಭಾವ ಇರುತ್ತಾರೆ. "ಸಿಸಿಟಿವಿ ಅಳಿಸಿಹೋಗುತ್ತೆ, ಮೊದಲು ಅದನ್ನು ನೋಡು" ಎಂದರು. ಕ್ಯಾಮರಾದ ಡಿಸ್ಕು ತುಂಬಿದಂತೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತಾ ಹೋಗುತ್ತದೆ, ಕೆಲವೆಡೆ ಎರಡು ವಾರಕ್ಕೂ ಉಳಿಯುವುದಿಲ್ಲ. ನಾನು ಮಾಲಿನ ಮ್ಯಾನೇಜರಿಗೆ ಒಂದು ಪತ್ರ ಬರೆದೆ. ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ, ಇಂಥ ಕಂಬದ ಹತ್ತಿರದ ದೃಶ್ಯವನ್ನು ಅಳಿಸದೆ ಕಾಯ್ದಿಡಿ, ಪೊಲೀಸರೋ ನ್ಯಾಯಾಲಯವೋ ಕೇಳಬಹುದು ಎಂದು. ನಕಲಿನ ಮೇಲೆ ಸೀಲು ಹಾಕಿಸಿಕೊಂಡೆ. "ನಿಮಗೆ ಕೊಡೋಕಾಗಲ್ಲ, ಪೊಲೀಸರು ಬಂದರೆ ಕೊಡ್ತೀವಿ" ಎಂದರು. ಅದು ಸರಿಯೇ, ಅದರಲ್ಲಿ ಬೇರೆಯವರ ಚಿತ್ರವೂ ಇರುತ್ತದಲ್ಲ. ನಾವು ಕೇಳಬೇಕಾದದ್ದು ಕೊಡಿ ಎಂದಲ್ಲ, ಅಳಿಸಬೇಡಿ ಎಂದು. ಮುಂದೆ ಅದು ನ್ಯಾಯಾಲಯಕ್ಕೆ ಹೋಗಬೇಕಾದರೆ ಅದರ ಜೊತೆ ಒಂದು ಪ್ರಮಾಣಪತ್ರವೂ ಬೇಕು. ಹಿಂದೆ ಸಾಕ್ಷ್ಯ ಕಾಯ್ದೆಯ 65ಬಿ ಎನ್ನುತ್ತಿದ್ದುದು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಆಗಿದೆ.

ಅಲ್ಲಿಂದ ಪೊಲೀಸ್ ಠಾಣೆ. ಯಾರಿಗೂ ಪೆಟ್ಟಾಗದ ಪಾರ್ಕಿಂಗ್ ಗುದ್ದಿಗೆ ಎಫ್ಐಆರ್ ಸಾಮಾನ್ಯವಾಗಿ ಆಗುವುದಿಲ್ಲ, ವಿಮೆಗೂ ಎಲ್ಲ ಸಲ ಅದು ಬೇಕಿಲ್ಲ. ಆದರೆ ತಗಾದೆ ಇದ್ದಾಗ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಠಾಣೆಯ ಜನರಲ್ ಡೈರಿಯಲ್ಲಿ ಅದು ದಾಖಲಾಗುತ್ತದೆ. ನಾನು ರಾತ್ರಿ ನೆನಪಿದ್ದಾಗಲೇ ಎಲ್ಲವನ್ನೂ ಕನ್ನಡದಲ್ಲಿ ಬರೆದಿಟ್ಟಿದ್ದೆ. ಅರ್ಜಿ ಇಂಗ್ಲಿಷಿನಲ್ಲಿ ಮಾಡುವ ಮೊದಲು ಆ ಹಾಳೆಯನ್ನು ಮೇಜಿನ ಮೇಲಿಟ್ಟೆ. ಪೇದೆಯೊಬ್ಬರು ಅದನ್ನು ಎತ್ತಿಕೊಂಡು ತೆಲುಗು ಎಂದೇ ಭಾವಿಸಿ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಲು ಶುರುಮಾಡಿದರು. "ನಾನು... ಹಿಂದಕ್ಕೆ... ಇದೇಂ ಭಾಷ ಸಾರ್?" ಎಂದರು. ಇಡೀ ಠಾಣೆ ನಕ್ಕಿತು. ಕನ್ನಡ ಬಿ.ಎ. ಓದಿ ಅದರಿಂದ ಇಷ್ಟು ತಕ್ಷಣದ ಲಾಭ ನನಗೆ ಎಂದೂ ಆಗಿರಲಿಲ್ಲ. ಅಲ್ಲಿಂದ ಮುಂದೆ ಅವರು ನನ್ನ ಅರ್ಜಿಯನ್ನು ಮರೆಯಲಿಲ್ಲ.

ಇನ್ನು ನಾನು ಮಾಡಿದ ದೊಡ್ಡ ತಪ್ಪು. ವಿಮಾ ಕಂಪನಿಗೆ ತಿಳಿಸಿದ್ದು ಆರನೇ ದಿನ. "ಚಿಕ್ಕ ಗುದ್ದು, ನಾನು ಕ್ಲೇಮು ಹಾಕುವುದೇ ಇಲ್ಲ, ಮತ್ತೇಕೆ ತಿಳಿಸುವುದು?" ಎಂದುಕೊಂಡಿದ್ದೆ. ಇಲ್ಲೇ ಬಹಳ ಜನ ಎಡವುತ್ತಾರೆ. ತಿಳಿಸುವುದು ಬೇರೆ, ಕ್ಲೇಮು ಹಾಕುವುದು ಬೇರೆ. ಅಪಘಾತವಾದ ಕೂಡಲೇ ಲಿಖಿತವಾಗಿ ತಿಳಿಸಬೇಕು ಎಂಬುದು ಪಾಲಿಸಿಯ ಮೊದಲ ಷರತ್ತು. ಮೋಟಾರು ವಾಹನ ಕಾಯ್ದೆಯ 134ನೇ ಕಲಮೂ ಚಾಲಕನಿಗೆ ಅದನ್ನೇ ಹೇಳುತ್ತದೆ. ನೀವು ಕೇಳದಿದ್ದರೂ ಎದುರಿನವರು ನಿಮ್ಮ ಮೇಲೆ ಕೇಳಬಹುದಲ್ಲ!

ಕೇಳಿಯೇಬಿಟ್ಟರು. ತಿಂಗಳು ಕಳೆಯುವಷ್ಟರಲ್ಲಿ ವಕೀಲರ ನೋಟೀಸು ಬಂತು, ಮೂವತ್ತೆಂಟು ಸಾವಿರ ರೂಪಾಯಿ ಕೊಡಿ ಎಂದು. ನಾನು "ತಪ್ಪು ಒಪ್ಪಿಕೊಂಡ" ವಿಡಿಯೋ ಇದೆ ಎಂದೂ ಅದರಲ್ಲಿತ್ತು. ಅವತ್ತು ರಾತ್ರಿ ಊಟ ರುಚಿಸಲಿಲ್ಲ. ಮೂವತ್ತೆಂಟು ಸಾವಿರ ಎಂದರೆ ನನ್ನಂಥವನಿಗೆ ಸಣ್ಣ ಮೊತ್ತವಲ್ಲ, ಮಗಳ ಶಾಲೆಯ ಒಂದು ಟರ್ಮಿನ ಫೀಸು.

ಈಗ ಸ್ವಲ್ಪ ನಿಂತು, ಪಾಲಿಸಿ ಎಂಬ ಆ ಕಾಗದದಲ್ಲಿ ಏನಿದೆ ನೋಡೋಣ. ಅದರಲ್ಲಿ ಎರಡು ಭಾಗ. ಒಂದು, ಮೂರನೆಯವರ ನಷ್ಟಕ್ಕೆ, ಅಂದರೆ ಥರ್ಡ್ ಪಾರ್ಟಿ. ಇದು 146ನೇ ಕಲಮಿನ ಪ್ರಕಾರ ಕಡ್ಡಾಯ. ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಇನ್ನೊಂದು, ನಮ್ಮ ಸ್ವಂತ ಕಾರಿನ ನಷ್ಟಕ್ಕೆ, ಓನ್ ಡ್ಯಾಮೇಜ್. ಇದು ನಮ್ಮಿಷ್ಟ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ನಿಮ್ಮ ಕಾರಿನ ರಿಪೇರಿಗೆ ನಿಮ್ಮ ಕಂಪನಿ ಒಂದು ಪೈಸೆ ಕೊಡುವುದಿಲ್ಲ. ಎದುರಿನವರ ಆಸ್ತಿಯ ನಷ್ಟಕ್ಕೆ ಖಾಸಗಿ ಕಾರುಗಳ ಪಾಲಿಸಿಯಲ್ಲಿ ಸಾಮಾನ್ಯವಾಗಿ ಏಳೂವರೆ ಲಕ್ಷ ರೂಪಾಯಿವರೆಗೆ ರಕ್ಷಣೆ ಇರುತ್ತದೆ. ಕೆಲವು ಪಾಲಿಸಿಗಳಲ್ಲಿ ಪ್ರೀಮಿಯಂ ಉಳಿಸಲು ಅದನ್ನು ಆರು ಸಾವಿರಕ್ಕೆ ಇಳಿಸಿರುವುದುಂಟು, ನಿಮ್ಮದನ್ನು ಒಮ್ಮೆ ತೆಗೆದು ನೋಡಿ. ಇನ್ನೊಂದು ತಮಾಷೆ: ನಿಮ್ಮದೇ ಎರಡನೇ ಕಾರಿಗೋ ನಿಮ್ಮ ಮನೆಯ ಗೇಟಿಗೋ ನೀವೇ ಗುದ್ದಿದರೆ ಥರ್ಡ್ ಪಾರ್ಟಿಯಲ್ಲಿ ಏನೂ ಸಿಗದು. ನೀವು ನಿಮಗೇ ಮೂರನೆಯವರಾಗುವುದು ಹೇಗೆ?

ಅಪಾರ್ಟ್‌ಮೆಂಟಿನ ಸೆಲ್ಲಾರು, ಮಾಲಿನ ಸೆಲ್ಲಾರು "ಸಾರ್ವಜನಿಕ ಸ್ಥಳ" ಹೌದೇ ಎಂದು ಒಬ್ಬ ಕೇಳುಗರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಕಾಯ್ದೆಯ ಪ್ರಕಾರ ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಜಾಗ ಸಾರ್ವಜನಿಕ ಸ್ಥಳ. ಬೊಂಬಾಯಿ ಹೈಕೋರ್ಟಿನ ಪೂರ್ಣಪೀಠ 1988ರಲ್ಲಿ ಇದಕ್ಕೆ ವಿಶಾಲವಾದ ಅರ್ಥ ಕೊಟ್ಟು, ಅನುಮತಿ ಪಡೆದು ಒಳಹೋಗುವ ಖಾಸಗಿ ಜಾಗಗಳನ್ನೂ ಸೇರಿಸಿಕೊಂಡಿತು. ಸ್ವಂತ ಕಾರಿನ ರಿಪೇರಿಗಂತೂ ಈ ಜಿಜ್ಞಾಸೆಯೇ ಬೇಡ. ಓನ್ ಡ್ಯಾಮೇಜ್ ಭಾರತದೊಳಗೆ ಎಲ್ಲಿ ಗುದ್ದಿದರೂ ನಡೆಯುತ್ತದೆ. ಕೆಎ-38 ಬೀದರಿನ ಕಾರು, ಕೆಎ-32 ಕಲಬುರಗಿಯ ಕಾರು, ಕೆಎ-36 ರಾಯಚೂರಿನ ಕಾರು ಇಲ್ಲಿ ಇಟ್ಟುಕೊಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಪ್ಲೇಟು ಕರ್ನಾಟಕದ್ದು ಎಂಬ ಕಾರಣಕ್ಕೆ ವಿಮೆ ಬಿದ್ದುಹೋಗುವುದಿಲ್ಲ. ಆದರೆ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲೇ ಇದ್ದರೆ 47ನೇ ಕಲಮಿನಂತೆ ಇಲ್ಲಿನ ನೋಂದಣಿ ಮಾಡಿಸಬೇಕು, ಹೊಸ ನಂಬರನ್ನೂ ವಿಳಾಸವನ್ನೂ ವಿಮಾ ಕಂಪನಿಗೆ ತಿಳಿಸಬೇಕು.

ಈಗ ಬಹಳ ಜನ ಕೇಳಿದ ಪ್ರಶ್ನೆ: ಕ್ಲೇಮು ಹಾಕಬೇಕೋ ಬೇಡವೋ? ನನ್ನದೇ ಲೆಕ್ಕ ಕೊಡುತ್ತೇನೆ. ಗ್ಯಾರೇಜಿನವರು ಬರೆದುಕೊಟ್ಟ ಅಂದಾಜು 14,100 ರೂಪಾಯಿ. ಬಂಪರು 4,200, ಟಿಂಕರಿಂಗ್ ಕೂಲಿ 3,500, ಪೇಂಟಿಂಗ್ 6,400. ಇದರಲ್ಲಿ ಕಂಪನಿ ಎಲ್ಲವನ್ನೂ ಕೊಡುವುದಿಲ್ಲ. ಪ್ಲಾಸ್ಟಿಕ್ಕು, ರಬ್ಬರಿನ ಭಾಗಗಳಿಗೆ ಅರ್ಧದಷ್ಟು ಸವಕಳಿ ಕಳೆಯುತ್ತಾರೆ, ಬಂಪರಿನಲ್ಲಿ 2,100 ಹೋಯಿತು. ಪೇಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, ಅಲ್ಲಿ 800 ಹೋಯಿತು. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ನಾವೇ ಹಾಕಬೇಕಾದ 1,000. ಹೀಗೆ 3,900 ಕಳೆದು ಕೈಗೆ ಬರುವುದು 10,200.

ಇನ್ನು ಕಳೆದುಕೊಳ್ಳುವುದೆಷ್ಟು? ನೋ ಕ್ಲೇಮ್ ಬೋನಸ್ ಎಂಬುದೊಂದಿದೆ. ಕ್ಲೇಮಿಲ್ಲದ ಒಂದೊಂದು ವರ್ಷಕ್ಕೂ ಓನ್ ಡ್ಯಾಮೇಜ್ ಪ್ರೀಮಿಯಮ್ಮಿನಲ್ಲಿ ಶೇಕಡಾ 20, 25, 35, 45, ಕೊನೆಗೆ 50 ರಿಯಾಯಿತಿ. ನನಗೆ 50 ಇತ್ತು. ಒಂದು ಕ್ಲೇಮು ಹಾಕಿದರೆ ಅದು ಸೊನ್ನೆಗೆ ಬಂದು ಮತ್ತೆ ಮೊದಲ ಮೆಟ್ಟಿಲಿನಿಂದ ಹತ್ತಬೇಕು. ಲೆಕ್ಕಕ್ಕೆ ಸುಲಭವಾಗಲೆಂದು, ರಿಯಾಯಿತಿಗೆ ಮುಂಚಿನ ಪ್ರೀಮಿಯಂ ಪ್ರತಿವರ್ಷ ಹತ್ತು ಸಾವಿರವೇ ಇರುತ್ತದೆಂದು ಹಿಡಿಯಿರಿ, ತೆರಿಗೆ ಬಿಟ್ಟು. ಬೋನಸ್ ಉಳಿದಿದ್ದರೆ ಐದೈದು ಸಾವಿರ ಕಟ್ಟುತ್ತಿದ್ದವನು ಈಗ ಮೊದಲ ವರ್ಷ 5,000, ಎರಡನೇ ವರ್ಷ 3,000, ಆಮೇಲೆ 2,500, 1,500, 500 ಹೆಚ್ಚು ಕಟ್ಟಬೇಕು. ಕೂಡಿದರೆ 12,500. ಅಂದರೆ 10,200 ಪಡೆಯಲು 12,500 ಕಳೆದುಕೊಳ್ಳುವುದು! ಕ್ಲೇಮು ಹಾಕದೆ ಕೈಯಿಂದಲೇ ಕೊಟ್ಟೆ. ಗಾಯ ದೊಡ್ಡದಾಗಿ ನಲವತ್ತು ಐವತ್ತು ಸಾವಿರದ ಬಿಲ್ಲಾಗಿದ್ದರೆ ಲೆಕ್ಕ ತಲೆಕೆಳಗಾಗುತ್ತಿತ್ತು, ಆಗ ಹಾಕಲೇಬೇಕು. ಸವಕಳಿ ಕಳೆಯದ ಝೀರೋ ಡೆಪ್ರಿಸಿಯೇಷನ್, ಬೋನಸ್ ಉಳಿಸುವ ಜೋಡಣೆ, ಇವೆಲ್ಲ ತೆಗೆದುಕೊಂಡವರ ಲೆಕ್ಕವೂ ಬೇರೆ.

ಇಲ್ಲೊಂದು ಕಹಿ ಸತ್ಯ. ಆ ಬೋನಸ್ಸು ಕ್ಲೇಮು ಇಲ್ಲದ್ದಕ್ಕೆ ಕೊಡುವುದು, ತಪ್ಪು ಇಲ್ಲದ್ದಕ್ಕಲ್ಲ. ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲದೆ ನಿಲ್ಲಿಸಿದ ಕಾರಿಗೆ ಯಾರೋ ಗುದ್ದಿ ಓಡಿಹೋದರೂ, ನಿಮ್ಮ ಕಂಪನಿಯಿಂದ ರಿಪೇರಿ ಪಡೆದರೆ ಬೋನಸ್ ಹೋಗುತ್ತದೆ. ಇದು ನ್ಯಾಯವೇ ಎಂದು ನನ್ನನ್ನು ಕೇಳಿದರೆ, ಅಲ್ಲ ಎನ್ನುತ್ತೇನೆ. ಆದರೆ ಕಟ್ಟಳೆ ಹಾಗಿದೆ.

ಗ್ಯಾರೇಜಿನ ಮೇಸ್ತ್ರಿ ಆಸೆ ತೋರಿಸಿದ್ದೂ ಹೇಳಬೇಕು. "ಹೇಗೂ ಕ್ಲೇಮು ಹಾಕೋದಾದ್ರೆ ಎಡಗಡೆ ಡೋರಿನ ಹಳೇ ಗೀರು, ಮುಂದಿನ ಬಂಪರು, ಎಲ್ಲಾ ಸೇರಿಸಿಬಿಡೋಣ ಸಾರ್" ಎಂದ. ಸರ್ವೇಯರ್ ಎಂಬುವರು ಬರುವುದೇ ಇದಕ್ಕೆ. ಹಿಂದಿನಿಂದ ಬಿದ್ದ ಗುದ್ದಿಗೆ ಮುಂದಿನ ಬಂಪರು ಹೇಗೆ ಒಡೆಯುತ್ತದೆ ಎಂದು ಅವರು ಕೇಳುತ್ತಾರೆ. ಗೀರಿನಲ್ಲಿ ತುಕ್ಕು ಹಿಡಿದಿದೆಯೇ, ಎದುರು ಕಾರಿನ ಬಣ್ಣ ಮೆತ್ತಿಕೊಂಡಿದೆಯೇ, ಎರಡೂ ಬಂಪರುಗಳ ಎತ್ತರ ಹೊಂದುತ್ತದೆಯೇ ಎಂದು ನೋಡುತ್ತಾರೆ. ಬೇರೆ ಬೇರೆ ಗುದ್ದು ಎಂದರೆ ಬೇರೆ ಬೇರೆ ಕ್ಲೇಮು. ಸುಳ್ಳು ಸೇರಿದರೆ ನಿಜವಾದದ್ದೂ ಕೈತಪ್ಪಬಹುದು. ಕಾರು ಓಡಿಸಿದವರ ಹೆಸರು ಬದಲಿಸುವುದಂತೂ ಬೇಡವೇ ಬೇಡ. ನಮ್ಮ ಕೇಳುಗರೊಬ್ಬರ ಭಾಮೈದ ಲೈಸೆನ್ಸಿಲ್ಲದೆ ಓಡಿಸಿ ಗುದ್ದಿದ್ದ. ಅವರು ತಾವೇ ಓಡಿಸಿದ್ದೆಂದು ಬರೆದುಕೊಟ್ಟರು. ಸಿಸಿಟಿವಿಯಲ್ಲಿ ಭಾಮೈದ ಇಳಿಯುವುದು ಸ್ಪಷ್ಟವಾಗಿತ್ತು.

ಸರಿ, ನನ್ನ ನೋಟೀಸಿಗೆ ಬರೋಣ. ಇಂಥ ನೋಟೀಸೋ ನ್ಯಾಯಾಲಯದ ಸಮನ್ಸೋ ಬಂದರೆ ಅದನ್ನು ತಡಮಾಡದೆ ವಿಮಾ ಕಂಪನಿಗೆ ಕಳಿಸಬೇಕು, ಅದೂ ಷರತ್ತೇ. ಕಳಿಸಿದೆ. ಅವರಿಂದ ಬಂದ ಮೊದಲ ಉತ್ತರ: "ನೀವು ತಡವಾಗಿ ತಿಳಿಸಿದ್ದೀರಿ, ತಪ್ಪನ್ನೂ ಒಪ್ಪಿಕೊಂಡಿದ್ದೀರಿ, ನಾವು ಜವಾಬ್ದಾರರಲ್ಲ." ಅತ್ತ ದರಿ ಇತ್ತ ಪುಲಿ! ಆಗ ಹೈದರಾಬಾದಿನಲ್ಲಿರುವುದರ ಭಾಗ್ಯ ನೆನಪಾಯಿತು. ಇಡೀ ದೇಶದ ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಐಆರ್‌ಡಿಎಐ ಸಂಸ್ಥೆಯ ಕೇಂದ್ರ ಕಚೇರಿ ಇರುವುದು ನಮ್ಮ ಊರಲ್ಲೇ. 2001ರಲ್ಲಿ ದಿಲ್ಲಿಯಿಂದ ಇಲ್ಲಿಗೆ ಬಂತು. ಈಗ ನಾನಕ್‌ರಾಮ್‌ಗುಡದ ಫೈನಾನ್ಷಿಯಲ್ ಡಿಸ್ಟ್ರಿಕ್ಟಿನಲ್ಲಿದೆ. ಎಷ್ಟೋ ಸಲ ಅದರ ಮುಂದೆಯೇ ಹೋಗಿದ್ದೇನೆ, ಏನೆಂದು ಗೊತ್ತಿರಲಿಲ್ಲ.

ಆದರೆ ನೇರ ಅಲ್ಲಿಗೆ ಓಡುವಂತಿಲ್ಲ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಅವರಿಗೆ ಹದಿನಾಲ್ಕು ದಿನ. ಬಗೆಹರಿಯದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲಿ ದೂರು ದಾಖಲಿಸಬಹುದು, ಅಥವಾ 155255 ಇಲ್ಲವೇ 1800 4254 732ಕ್ಕೆ ಉಚಿತವಾಗಿ ಫೋನ್ ಮಾಡಬಹುದು. ಕಂಪನಿ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಓಂಬುಡ್ಸ್‌ಮನ್. ತೆಲಂಗಾಣ, ಆಂಧ್ರ, ಯಾನಂಗಳಿಗೆ ಅವರ ಕಚೇರಿ ಲಕ್ಡಿಕಾಪುಲ್ ಹತ್ತಿರ ಎ.ಸಿ. ಗಾರ್ಡ್ಸಿನಲ್ಲಿದೆ. ಫೀಸಿಲ್ಲ, ವಕೀಲರೂ ಬೇಕಿಲ್ಲ. ಒಂದು ವರ್ಷದೊಳಗೆ ದೂರು ಕೊಡಬೇಕು. 2023ರಿಂದ ಐವತ್ತು ಲಕ್ಷ ರೂಪಾಯಿವರೆಗಿನ ತಗಾದೆ ಅವರ ವ್ಯಾಪ್ತಿಗೆ ಬರುತ್ತದೆ. ಅವರ ತೀರ್ಪನ್ನು ಕಂಪನಿ ಪಾಲಿಸಲೇಬೇಕು, ನಿಮಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕ ಆಯೋಗದ ಬಾಗಿಲು ತೆರೆದೇ ಇರುತ್ತದೆ. ಒಂದು ಎಚ್ಚರ: ಓಂಬುಡ್ಸ್‌ಮನ್ನರು ನಿಮ್ಮ ಮತ್ತು ನಿಮ್ಮ ಕಂಪನಿಯ ನಡುವಿನ ವ್ಯಾಜ್ಯವನ್ನು ಮಾತ್ರ ನೋಡುತ್ತಾರೆ. ಎದುರು ಕಾರಿನವರ ಕಂಪನಿ ದುಡ್ಡು ಕೊಡುತ್ತಿಲ್ಲ ಎಂದು ಅಲ್ಲಿಗೆ ಹೋದರೆ ಪ್ರಯೋಜನವಿಲ್ಲ.

ಸ್ವಂತ ಕಾರಿಗೆ ಕ್ಲೇಮು ಹಾಕಿದವರಿಗೂ ಒಂದು ಗಡುವು ಗೊತ್ತಿರಲಿ. ಐಆರ್‌ಡಿಎಐ 2024ರ ಜೂನಿನಲ್ಲಿ ಹೊರಡಿಸಿದ ಸುತ್ತೋಲೆಯಂತೆ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, 15 ದಿನದಲ್ಲಿ ಅವರ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. "ಆ ಕಾಗದ ಇಲ್ಲ, ಈ ಕಾಗದ ಇಲ್ಲ" ಎಂದು ಕ್ಲೇಮು ತಿರಸ್ಕರಿಸುವಂತಿಲ್ಲ.

ನಾನು ಕುಂದುಕೊರತೆ ಅಧಿಕಾರಿಗೆ ಒಂದೂವರೆ ಪುಟ ಬರೆದೆ. ಆರು ದಿನದ ತಡದಿಂದ ಕಂಪನಿಗೆ ಆದ ನಷ್ಟವೇನು? ಫೋಟೊ ಇದೆ, ಠಾಣೆಯ ಸ್ವೀಕೃತಿ ಇದೆ, ಸಿಸಿಟಿವಿ ಕಾಯ್ದಿಡಲು ಕೊಟ್ಟ ಪತ್ರದ ನಕಲಿದೆ. "ಸಾರಿ" ಎಂದದ್ದು ಸೌಜನ್ಯ, ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಎರಡನೇ ವಾರದಲ್ಲಿ ಉತ್ತರ ಬಂತು: ಪ್ರಕರಣ ನ್ಯಾಯಾಲಯಕ್ಕೆ ಹೋದರೆ ನಾವು ವಕೀಲರನ್ನು ನೇಮಿಸುತ್ತೇವೆ ಎಂದು. ಅವತ್ತು ನಿದ್ದೆ ಬಂತು.

ಯಾವ ನ್ಯಾಯಾಲಯ? ಮೋಟಾರು ಅಪಘಾತ ಕ್ಲೇಮು ನ್ಯಾಯಮಂಡಳಿ ಇರುವುದು ಸಾವುನೋವಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, 165ನೇ ಕಲಮಿನಡಿ ಆಸ್ತಿಯ ನಷ್ಟವನ್ನೂ ಅಲ್ಲಿ ಕೇಳಬಹುದು. ನಷ್ಟ ಎರಡು ಸಾವಿರ ಮೀರಿದ್ದರೆ ಬೇಕಾದರೆ ಸಿವಿಲ್ ಕೋರ್ಟಿಗೂ ಹೋಗಬಹುದು. ನ್ಯಾಯಮಂಡಳಿಗೆ ಅರ್ಜಿ ಹಾಕಲು 2022ರ ಏಪ್ರಿಲಿನಿಂದ ಆರು ತಿಂಗಳ ಮಿತಿ ಬಂದಿದೆ, ಅದನ್ನು ಮನಸ್ಸಿನಲ್ಲಿಡಿ. ಅಲ್ಲಿ "ಪೂರ್ತಿ ನಿನ್ನದು, ಪೂರ್ತಿ ಅವನದು" ಎಂದೇ ತೀರ್ಪಾಗಬೇಕಿಲ್ಲ. ಇಬ್ಬರ ಅಜಾಗರೂಕತೆಯೂ ಇದ್ದರೆ ಇಷ್ಟಿಷ್ಟು ಪಾಲು ಎಂದು ಹಂಚುತ್ತಾರೆ. ರಿವರ್ಸ್ ತೆಗೆಯುವವನು ಬೇರೆಯವರಿಗೆ ಅಪಾಯವಾಗದೆಂದು ಖಾತ್ರಿ ಮಾಡಿಕೊಂಡೇ ತೆಗೆಯಬೇಕು ಎಂದು 2017ರ ಚಾಲನಾ ನಿಯಮಾವಳಿ ಹೇಳುತ್ತದೆ. ಇಬ್ಬರೂ ರಿವರ್ಸ್ ತೆಗೆಯುತ್ತಿದ್ದರೆ ಆ ಮಾತು ಇಬ್ಬರಿಗೂ ಅನ್ವಯ.

ಮಾಲಿನವರ ಮೇಲೆ ಹಾಕಲು ಆಗದೇ ಎಂದು ಕೆಲವರು ಕೇಳಿದರು. ಚೀಟಿಯ ಹಿಂದೆ "ಓನರ್ಸ್ ರಿಸ್ಕ್" ಎಂದು ಅಚ್ಚು ಹಾಕಿರುತ್ತಾರಲ್ಲ. ನಾವೇ ನಿಲ್ಲಿಸಿ, ಬೀಗದ ಕೈ ನಮ್ಮ ಜೇಬಿನಲ್ಲೇ ಇದ್ದು, ಇಬ್ಬರು ಗಿರಾಕಿಗಳು ಗುದ್ದಾಡಿಕೊಂಡರೆ ಮಾಲಿನವರನ್ನು ಹಿಡಿಯುವುದು ಕಷ್ಟ. ಆದರೆ ಬೀಗದ ಕೈ ಕೊಟ್ಟು ವ್ಯಾಲೆ ಪಾರ್ಕಿಂಗಿಗೆ ಒಪ್ಪಿಸಿದರೆ ಕಥೆಯೇ ಬೇರೆ. ದಿಲ್ಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರ ಆಗಸ್ಟ್ 1ರಂದು ಹೀಗೆ ಒಪ್ಪಿಸಿದ್ದ ಮಾರುತಿ ಜೆನ್ ಕಾರನ್ನು ಯಾರೋ ಓಡಿಸಿಕೊಂಡು ಹೋದರು. ವಿಮಾ ಕಂಪನಿ ಮಾಲೀಕರಿಗೆ 2 ಲಕ್ಷ 80 ಸಾವಿರ ಕೊಟ್ಟು, ಅವರ ಹಕ್ಕನ್ನು ತಾನು ಪಡೆದು ಹೋಟೆಲಿನ ಮೇಲೆ ದಾವೆ ಹೂಡಿತು. 2019ರ ನವೆಂಬರ್ 14ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಕಾರು ಹೋಟೆಲಿನವರ ವಶಕ್ಕೆ ಬಂದ ಮೇಲೆ ಅದನ್ನು ಜೋಪಾನ ಮಾಡುವ ಹೊಣೆ ಅವರದು, ಚೀಟಿಯ ಹಿಂದೆ ಅಚ್ಚು ಹಾಕಿ ತಮ್ಮ ನಿರ್ಲಕ್ಷ್ಯದಿಂದ ತಪ್ಪಿಸಿಕೊಳ್ಳುವಂತಿಲ್ಲ. ಆ ಪೀಠದಲ್ಲಿದ್ದವರು ನಮ್ಮ ಹಾವೇರಿ ಜಿಲ್ಲೆಯ ಚಿಕ್ಕೇರೂರಿನ ನ್ಯಾಯಮೂರ್ತಿ ಮೋಹನ ಶಾಂತನಗೌಡರ ಮತ್ತು ನ್ಯಾಯಮೂರ್ತಿ ಅಜಯ್ ರಸ್ತೋಗಿ. ಶಾಂತನಗೌಡರು 2021ರಲ್ಲಿ ತೀರಿಕೊಂಡರು. ಒಂದು ಜೆನ್ ಕಾರಿಗೆ ಇಪ್ಪತ್ತೊಂದು ವರ್ಷ! ಅಂದ ಹಾಗೆ, ಪಾರ್ಕಿಂಗ್ ಶುಲ್ಕದ ಬಗ್ಗೆಯೂ ಫೋನ್ ಬರುತ್ತಿರುತ್ತದೆ. ತೆಲಂಗಾಣ ಸರ್ಕಾರದ 2018ರ ಮಾರ್ಚಿನ ಆದೇಶದಂತೆ ಮಾಲು, ಮಲ್ಟಿಪ್ಲೆಕ್ಸುಗಳಲ್ಲಿ ಮೊದಲ ಅರ್ಧ ಗಂಟೆ ಎಲ್ಲರಿಗೂ ಉಚಿತ, ಒಂದು ಗಂಟೆವರೆಗೆ ಖರೀದಿ ಬಿಲ್ಲು ತೋರಿಸಿದರೆ ಉಚಿತ.

ನನ್ನ ಪ್ರಕರಣ ನ್ಯಾಯಮಂಡಳಿಯವರೆಗೆ ಹೋಗಲಿಲ್ಲ. ನೋಟೀಸಿನ ಸಂಗತಿ ತಿಳಿಸಲು ಠಾಣೆಗೆ ಹೋದಾಗ ಅದೇ ಪೇದೆ ಸಿಕ್ಕರು, ಕನ್ನಡ ಓದಿದವರು. ಸಬ್ ಇನ್ಸ್‌ಪೆಕ್ಟರು ಮಾಲಿನಿಂದ ದೃಶ್ಯ ತರಿಸಿದರು. ನನ್ನ ಪತ್ರದಿಂದಾಗಿ ಅದು ಉಳಿದಿತ್ತು. ಇಬ್ಬರನ್ನೂ ಕರೆಸಿ ತೋರಿಸಿದರು. ಎರಡು ಕಾರುಗಳ ಬಿಳಿಯ ರಿವರ್ಸ್ ದೀಪಗಳೂ ಹೊತ್ತಿದ್ದವು. ಅವರ ಕಾರು ನನಗಿಂತ ಒಂದು ಕ್ಷಣ ಮೊದಲು ಹೊರಟಿತ್ತು. ನಾನೂ ನಿಂತಿರಲಿಲ್ಲ, ಅವರೂ ನಿಂತಿರಲಿಲ್ಲ. ಸೀಟಿಯ ಹುಡುಗ ಇಬ್ಬರಿಗೂ ಒಂದೇ ಸಲ "ಬಾ ಬಾ" ಎಂದು ಕೈ ಬೀಸುತ್ತಿದ್ದ!

ಎದುರಿನವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ತಮ್ಮ ಕಾರು ಹೊಸದು, ಸಾಲದ ಕಂತು ಇನ್ನೂ ನಾಲ್ಕು ವರ್ಷ ಇದೆ, ಅವತ್ತು ಮನೆಯವರ ಮುಂದೆ ಸೋಲಬಾರದೆನಿಸಿತು ಎಂದರು. ನನಗೂ ಅವರ ಮೇಲೆ ಇದ್ದ ಸಿಟ್ಟು ಅರ್ಧ ಇಳಿಯಿತು, ಇನ್ನರ್ಧ ಇಳಿಯಲು ಕೆಲವು ವಾರ ಬೇಕಾಯಿತು. ತಮ್ಮತಮ್ಮ ರಿಪೇರಿ ತಮ್ಮತಮ್ಮದು, ಮುಂದೆ ಯಾರೂ ಯಾರ ಮೇಲೂ ಏನೂ ಕೇಳುವುದಿಲ್ಲ ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ಸಹಿಗೆ ಮೊದಲು ನನ್ನ ಕಂಪನಿಗೆ ಆ ಕರಡನ್ನು ಕಳಿಸಿ ಲಿಖಿತ ಒಪ್ಪಿಗೆ ಪಡೆದಿದ್ದೆ. ಈ ಸಲ ಷರತ್ತು ಓದಿದ್ದೆನಲ್ಲ. ಅವರ ವಕೀಲರ ನೋಟೀಸನ್ನು ಹಿಂದೆಗೆದುಕೊಂಡ ಪತ್ರವನ್ನೂ ಕೇಳಿ ಪಡೆದೆ. ಇದನ್ನು ಕೇಳಲು ಸಂಕೋಚ ಪಡಬೇಡಿ.

ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. "ನಾ ಅವತ್ತೇ ಹೇಳಿಲ್ಲೇನು" ಎಂದಳು.

ನಿಮ್ಮಲ್ಲಿ ಯಾರಿಗಾದರೂ ಇಂಥ ಅನುಭವ ಆಗಿದ್ದರೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಕಾರಿನ ನಂಬರು, ಪಾಲಿಸಿ ನಂಬರು ಬರೆಯಬೇಡಿ. ಮಿಯಾಪುರದಿಂದ ಫೋನ್ ಮಾಡಿದ್ದ ಅಕ್ಕ, ನಿಮ್ಮ ಅಪಾರ್ಟ್‌ಮೆಂಟಿನ ಸಿಸಿಟಿವಿಗಾಗಿ ಸಂಘದ ಕಾರ್ಯದರ್ಶಿಗೆ ಪತ್ರ ಇವತ್ತೇ ಕೊಡಿ, ನೀವು ಹೇಳಿದ ದಿನಕ್ಕೆ ಈಗಾಗಲೇ ಎಂಟು ದಿನ ಆಗಿದೆ.